ಮ್ಯಾಕ್ರೋ ಯಾವಾಗ ಓಡಬೇಕು?

(ಸಂಘದ ರಜತ ಮಹೋತ್ಸವದ ಅಂಗವಾಗಿ ನಡೆದ ಸದಸ್ಯರ ಶಿಕ್ಷಣ ಸಭೆಯಲ್ಲಿ ಮಾಡಿದ ಭಾಷಣದ ಬರಹರೂಪ)



ಇಪ್ಪತ್ತೈದು ವರ್ಷ ಒಂದು ಸಹಕಾರ ಸಂಘವನ್ನು ಕೈಬಿಡದೆ ನಡೆಸಿಕೊಂಡು ಬಂದಿದ್ದೀರಿ. ಮೊದಲಿಗೆ ಅದಕ್ಕೆ ನಮ್ಮೆಲ್ಲರ ಅಭಿನಂದನೆ ಸಲ್ಲಬೇಕು. ಬೆಳಿಗ್ಗೆಯಿಂದ ಮಾತನಾಡಿದ ಹಿರಿಯರು ಸಂಘ ಹುಟ್ಟಿದ ಕಾಲದ ಕಷ್ಟಸುಖ ಹೇಳಿದರು. ನಮಗೆ ಕೊಟ್ಟಿರುವ ವಿಷಯ ಅಷ್ಟು ಸ್ವಾರಸ್ಯದ್ದಲ್ಲ. ಗಣಕಯಂತ್ರದಲ್ಲಿ ಲೆಕ್ಕ ಇಡುವಾಗ ಎಕ್ಸೆಲ್ ಫೈಲಿನೊಳಗೆ ತಾನಾಗಿಯೇ ಓಡುವ 'ಮ್ಯಾಕ್ರೋ' ಎಂಬುದನ್ನು ಹದ್ದುಬಸ್ತಿನಲ್ಲಿ ಇಡುವುದು ಹೇಗೆ ಎಂಬುದು ವಿಷಯ. ಇದು ಗುಮಾಸ್ತರಿಗೆ ಸೇರಿದ್ದು, ನಮಗೇನು ಅಂತ ಹಿಂದಿನ ಸಾಲಿನವರು ಏಳಬೇಡಿ. ಬಡ್ಡಿ ಕಟ್ಟುವವರು ನೀವು. ಆ ಬಡ್ಡಿ ತಿಂಗಳಿಗೆ ಒಂದು ಸಲ ಹತ್ತಬೇಕೋ ಮೂರು ಸಲ ಹತ್ತಬೇಕೋ ಅನ್ನೋ ಪ್ರಶ್ನೆ ಇದರೊಳಗಿದೆ.

ನಾವು ಜಯನಗರ, ಬನಶಂಕರಿ, ಜೆ.ಪಿ. ನಗರ, ಬಿ.ಟಿ.ಎಂ. ಬಡಾವಣೆ ಈ ಸುತ್ತಿನ ಸಣ್ಣ ಪತ್ತಿನ ಸಂಘಗಳಿಗೆ, ಫ್ಲ್ಯಾಟ್ ಮಾಲೀಕರ ಸಂಘಗಳಿಗೆ ಕಂಪ್ಯೂಟರಿನಲ್ಲಿ ಲೆಕ್ಕ ಇಡುವುದನ್ನು ಹೇಳಿಕೊಡುವವರು. ಈ ಬಡಾವಣೆಗಳ ಬುಡದಲ್ಲಿ ಹಳ್ಳಿಗಳಿವೆ ಅನ್ನೋದನ್ನು ಇಲ್ಲಿರುವ ಹಿರಿಯರಿಗೆ ಹೇಳಬೇಕಾಗಿಲ್ಲ. ಬಿ.ಟಿ.ಎಂ. ಅನ್ನೋ ಮೂರು ಅಕ್ಷರವೇ ಭೈರಸಂದ್ರ, ತಾವರೆಕೆರೆ, ಮಡಿವಾಳ. 1948ರಲ್ಲಿ ಜಯನಗರಕ್ಕೆ ಅಡಿಗಲ್ಲು ಬಿದ್ದ ಮೇಲೆ ಸಾರಕ್ಕಿ, ಯಡಿಯೂರು, ಜರಗನಹಳ್ಳಿ, ಪುಟ್ಟೇನಹಳ್ಳಿ, ಕತ್ರಿಗುಪ್ಪೆ ಎಲ್ಲಾ ಕಡೆ ಒಂದೊಂದಾಗಿ ಹೊಲಗದ್ದೆ ಸೈಟಾದವು. ಹಳ್ಳಿ ನಗರದೊಳಗೆ ಕರಗಿದರೂ ಸಂಘ ಉಳಿದುಕೊಂಡ ಕಡೆ ಒಂದು ನೋಟ ಸಾಮಾನ್ಯ: ಬೀರುವಿನ ತುಂಬ ಹಳೆ ಕಿರ್ದಿ, ಖಾತೆ ಪುಸ್ತಕ, ಅದರ ಎದುರಿಗೆ ಮೇಜಿನ ಮೇಲೆ ಒಂದು ಕಂಪ್ಯೂಟರು, ಆ ಕಂಪ್ಯೂಟರಿನಲ್ಲಿ ಯಾರೋ ಯಾವಾಗಲೋ ಮಾಡಿಕೊಟ್ಟು ಹೋದ ಒಂದು ಎಕ್ಸೆಲ್ ಫೈಲು.

ಮ್ಯಾಕ್ರೋ ಅಂದರೇನು? ಎಕ್ಸೆಲ್ ಹಾಳೆ ಅಂದರೆ ಅಡ್ಡಗೆರೆ ಉದ್ದಗೆರೆ ಹಾಕಿದ ದೊಡ್ಡ ಲೆಡ್ಜರು ಅಂತಿಟ್ಟುಕೊಳ್ಳಿ. ಒಂದೊಂದು ಚೌಕಕ್ಕೂ ಸೆಲ್ ಅಂತ ಹೆಸರು. ಕೂಡಿಸು, ಕಳೆ ಅಂತ ಸೂತ್ರ ಬರೆದರೆ ಅದು ಕೂಡಿಸಿ ತೋರಿಸುತ್ತದೆ, ಅಷ್ಟೇ. ಸೂತ್ರ ಪಕ್ಕದ ಚೌಕವನ್ನು ಮುಟ್ಟುವುದಿಲ್ಲ. ಮ್ಯಾಕ್ರೋ ಹಾಗಲ್ಲ. ಅದು ಗುಮಾಸ್ತನಿಗೆ ಬರೆದುಕೊಟ್ಟ ಆಜ್ಞೆಗಳ ಪಟ್ಟಿ. 'ಮೊದಲನೇ ಸಾಲದ ಖಾತೆ ತೆಗೆ, ಬಾಕಿ ನೋಡು, ನೂರಕ್ಕೆ ಒಂದರಂತೆ ಬಡ್ಡಿ ಕಟ್ಟು, ಬಡ್ಡಿ ಕಲಮಿನಲ್ಲಿ ಬರೆ, ಬಾಕಿಗೆ ಸೇರಿಸು, ಮುಂದಿನ ಖಾತೆಗೆ ಹೋಗು.' ಮುನ್ನೂರು ಖಾತೆಗೆ ಮನುಷ್ಯ ಎರಡು ದಿನ ಕೂತು ಮಾಡುವುದನ್ನು ಅದು ನೀವು ಒಂದು ಗುಟುಕು ಕಾಫಿ ಕುಡಿಯುವುದರೊಳಗೆ ಮುಗಿಸುತ್ತದೆ. ಕೂಡಿಸುವುದರಲ್ಲಿ ತಪ್ಪು ಮಾಡುವುದಿಲ್ಲ, ರಜ ಕೇಳುವುದಿಲ್ಲ. ಮ್ಯಾಕ್ರೋ ಬೇಡ ಅಂತ ಹೇಳಲು ನಾವು ಬಂದಿಲ್ಲ. ಅದನ್ನು ಎಬ್ಬಿಸುವವರು ಯಾರು ಅನ್ನೋದೊಂದೇ ನಮ್ಮ ಮಾತು.

ಹೊಲದಲ್ಲಿ ಪಂಪ್‌ಸೆಟ್ ಇಟ್ಟಿದ್ದವರು ಇಲ್ಲಿ ಎಷ್ಟೋ ಜನ ಇದ್ದೀರಿ. ಆಟೋ ಸ್ಟಾರ್ಟರ್ ನೆನಪಿರಬೇಕಲ್ಲ? ರಾತ್ರಿ ಯಾವ ಹೊತ್ತಿಗೆ ತ್ರೀ ಫೇಸ್ ಕರೆಂಟು ಬರುತ್ತದೋ ಗೊತ್ತಿಲ್ಲ. ಹಾವು ಚೇಳಿನ ನಡುವೆ ಬ್ಯಾಟರಿ ಹಿಡಿದು ಹೋಗುವುದು ಯಾರಿಗೆ ಬೇಕು, ಸ್ಟಾರ್ಟರ್ ಹಾಕಿ ಮಲಗಿದರೆ ಕರೆಂಟು ಬಂದ ಕೂಡಲೇ ಮೋಟಾರು ತಾನೇ ಶುರು. ಒಳ್ಳೆಯದೇ. ಆದರೆ ಬಾವಿಯಲ್ಲಿ ನೀರಿದೆಯೋ ಇಲ್ಲವೋ ಸ್ಟಾರ್ಟರಿಗೆ ಗೊತ್ತಿಲ್ಲ. ಗದ್ದೆ ಆಗಲೇ ತುಂಬಿದೆ ಅನ್ನೋದೂ ಗೊತ್ತಿಲ್ಲ. ಕರೆಂಟು ಬಂತು, ಓಡು. ಅಷ್ಟೇ ಅದಕ್ಕೆ ಗೊತ್ತು. ಊರಿನ ಎಲ್ಲಾ ಮೋಟಾರೂ ಒಂದೇ ಗಳಿಗೆಗೆ ಎದ್ದು ಟ್ರಾನ್ಸ್‌ಫಾರ್ಮರ್ ಸುಟ್ಟಾಗ ಬೈದುಕೊಂಡದ್ದೂ ಉಂಟು. ಈಗ ಹೊಲ ಹೋಗಿ ಮನೆ ಬಂದಿದೆ, ಮನೆ ಕೆಳಗೆ ಸಂಪು, ಮೇಲೆ ಟ್ಯಾಂಕು, ನಡುವೆ ಅದೇ ತರಹದ ಆಟೋಮ್ಯಾಟಿಕ್ ಸ್ವಿಚ್ಚು. ತೇಲುವ ಬುರುಡೆಗೆ ಪಾಚಿ ಹಿಡಿದು ಸಿಕ್ಕಿಕೊಂಡರೆ ಬೆಳಗಿನ ಜಾವ ಟ್ಯಾಂಕು ಉಕ್ಕಿ ಕಾವೇರಿ ನೀರು ಚರಂಡಿಗೆ ಹೋಗುತ್ತಿರುತ್ತದೆ. ತಾನಾಗಿ ಓಡುವ ಮ್ಯಾಕ್ರೋ ಇದೇ ಜಾತಿಯದು. ಎದ್ದೇಳಲು ಒಂದು ನೆಪ ಬೇಕು. ನೆಪ ಸಿಕ್ಕಿತೋ, ಓಡಿತು.

ಈಗ ಒಂದು ಸಂಘದಲ್ಲಿ ನಡೆದದ್ದು ಹೇಳುತ್ತೇವೆ. ಹೆಸರು ಬೇಡ. ಇದೇ ದಕ್ಷಿಣ ಭಾಗದ್ದು, ನಿಮ್ಮ ಸಂಘದಷ್ಟೇ ದೊಡ್ಡದು. ಅಲ್ಲಿನ ಸಾಲದ ಫೈಲಿನಲ್ಲಿ ಯಾರೋ ಜಾಣರು ಒಂದು ಮ್ಯಾಕ್ರೋ ಕೂರಿಸಿದ್ದರು. ತಿಂಗಳ ಒಂದನೇ ತಾರೀಖು ಫೈಲು ತೆರೆದ ಕೂಡಲೇ ಎಲ್ಲಾ ಖಾತೆಗೂ ಆ ತಿಂಗಳ ಬಡ್ಡಿ ತಾನಾಗಿ ಬೀಳಬೇಕು, ಗುಮಾಸ್ತನಿಗೆ ಮರೆತುಹೋಗಬಾರದು ಅಂತ ಏರ್ಪಾಟು. ಉದ್ದೇಶ ಚೆನ್ನಾಗಿಯೇ ಇತ್ತು. ಒಂದನೇ ತಾರೀಖು ಬೆಳಿಗ್ಗೆ ಗುಮಾಸ್ತ ಫೈಲು ತೆರೆದ, ಬಡ್ಡಿ ಬಿತ್ತು, ಸೇವ್ ಮಾಡಿ ಮುಚ್ಚಿದ. ಮಧ್ಯಾಹ್ನ ಕಾರ್ಯದರ್ಶಿಗಳು ಯಾರದೋ ಸುಸ್ತಿ ನೋಡಲು ತೆರೆದರು, ಸೇವ್ ಮಾಡಿ ಮುಚ್ಚಿದರು. ಸಂಜೆ ಒಬ್ಬ ನಿರ್ದೇಶಕರು ಪಟ್ಟಿ ಪ್ರಿಂಟ್ ಬೇಕು ಅಂದರು, ಮತ್ತೆ ತೆರೆದರು. ಮೂರು ಸಲವೂ ತಾರೀಖು ಒಂದೇ. ಮ್ಯಾಕ್ರೋ ಮೂರು ಸಲವೂ ತನ್ನ ಕೆಲಸ ನಿಯತ್ತಾಗಿ ಮಾಡಿತು.

ಲೆಕ್ಕ ನೋಡಿ. 50,000 ರೂಪಾಯಿ ಸಾಲ, ವರ್ಷಕ್ಕೆ ನೂರಕ್ಕೆ ಹನ್ನೆರಡು, ಅಂದರೆ ತಿಂಗಳಿಗೆ ಒಂದು. ಬೆಳಿಗ್ಗೆ 500 ಬಿತ್ತು. ಮಧ್ಯಾಹ್ನ 50,500ರ ಮೇಲೆ 505. ಸಂಜೆ 51,005ರ ಮೇಲೆ 510 ರೂಪಾಯಿ 5 ಪೈಸೆ. ಒಂದೇ ದಿನಕ್ಕೆ 1,515 ರೂಪಾಯಿ 5 ಪೈಸೆ. ಹತ್ತಬೇಕಾಗಿದ್ದು 500. ಚಕ್ರಬಡ್ಡಿಯಲ್ಲಿ ಬದುಕುವ ಯಾವ ಸಾಹುಕಾರನೂ ಬೆಳಿಗ್ಗೆ ಮಧ್ಯಾಹ್ನ ಸಂಜೆ ಅಂತ ಮೂರು ಹೊತ್ತು ಬಡ್ಡಿ ಹಾಕಿದ್ದನ್ನು ನಾವು ಕೇಳಿಲ್ಲ.

ಅದನ್ನು ಹಿಡಿದದ್ದು ಆಡಿಟರ್ ಅಲ್ಲ, ಕಾರ್ಯದರ್ಶಿಯೂ ಅಲ್ಲ. ಹೂವಿನ ವ್ಯಾಪಾರ ಮಾಡುವ ಒಬ್ಬ ಸದಸ್ಯೆ. ಕಂತು ಕಟ್ಟಲು ಬಂದಾಗ ಪಾಸ್‌ಬುಕ್ಕಿಗೆ ಬಾಕಿ ಬರೆಸಿಕೊಂಡು ಮನೆಗೆ ಹೋಗಿ, ಮಗನ ಕೈಲಿ ಓದಿಸಿ, ಮಾರನೇ ದಿನ ಬಂದರು. 'ಏನ್ ಸ್ವಾಮಿ, ತಿಂಗಳಿಗೆ ಐನೂರು ಅಂತ ನೀವೇ ಹೇಳಿದ್ರಿ. ಇದೇನು ಸಾವಿರದ ಐನೂರು ಚಿಲ್ಲರೆ?' ಅಂತ ಕೇಳಿದರು. 'ಕಂಪ್ಯೂಟರ್ ಹಾಕಿರೋದಮ್ಮ, ಅದು ತಪ್ಪು ಮಾಡಲ್ಲ' ಅಂತ ಉತ್ತರ ಬಂತು. ಆಯಮ್ಮ ಹೇಳಿದ ಮಾತು ನಮಗೆ ಇವತ್ತಿಗೂ ಕಿವಿಯಲ್ಲಿದೆ: 'ಕಂಪ್ಯೂಟರ್ ಹತ್ರ ನಾನು ಸಾಲ ತಗೊಂಡಿಲ್ಲ ಕಣಪ್ಪ, ಸಂಘದಲ್ಲಿ ತಗೊಂಡಿರೋದು.' ಆಮೇಲೆ ನಮ್ಮನ್ನು ಕರೆಸಿದರು. ಕೈಬರಹದ ರಸೀದಿ ಕಟ್ಟುಗಳನ್ನು ಎದುರಿಗೆ ಇಟ್ಟುಕೊಂಡು ಒಂದೊಂದೇ ಖಾತೆ ಸರಿಮಾಡಿದ್ದಾಯಿತು. ರಸೀದಿ ಇಲ್ಲದಿದ್ದರೆ ಏನಾಗುತ್ತಿತ್ತು ಅಂತ ಯೋಚನೆ ಮಾಡಿ. ಎಕ್ಸೆಲ್‌ನಲ್ಲಿ ನಾವು ಕೈಯಲ್ಲಿ ಬರೆದದ್ದನ್ನು 'ಅನ್‌ಡೂ' ಅಂತ ಒತ್ತಿ ಹಿಂದಕ್ಕೆ ತರಬಹುದು. ಮ್ಯಾಕ್ರೋ ಬರೆದದ್ದನ್ನು ಹಾಗೆ ತರಲಾಗದು. ಅದು ಹಾಳೆಯ ಮೇಲೆ ಕೈಯಾಡಿಸಿತು ಅಂದರೆ, ಅದಕ್ಕೆ ಮುಂಚೆ ನೀವು ಮಾಡಿದ್ದನ್ನು ಹಿಂದಕ್ಕೆ ತರುವ ದಾರಿಯೂ ಅಳಿಸಿಹೋಗುತ್ತದೆ.

ಅದೇ ಏರ್ಪಾಟಿನಲ್ಲಿ ಇನ್ನೊಂದು ತೊಡಕಿತ್ತು. ಒಂದನೇ ತಾರೀಖು ಕಚೇರಿ ತೆರೆಯದಿದ್ದರೆ? 2025ರ ಜೂನ್ 1 ಭಾನುವಾರ. ಅಂಥ ತಿಂಗಳಲ್ಲಿ ಫೈಲು ತೆರೆಯುವವರೇ ಇಲ್ಲ, ಆದ್ದರಿಂದ ಬಡ್ಡಿಯೇ ಇಲ್ಲ. ಸಂಘಕ್ಕೆ ನಷ್ಟ. ಇನ್ನು ಹಳೆ ಕಂಪ್ಯೂಟರಿನೊಳಗೆ ನಾಣ್ಯದಷ್ಟು ಒಂದು ಬ್ಯಾಟರಿ ಇರುತ್ತದೆ. ಅದು ಸತ್ತರೆ ಪ್ರತಿಸಲ ಸ್ವಿಚ್ ಹಾಕಿದಾಗಲೂ ತಾರೀಖು ಎಷ್ಟೋ ವರ್ಷ ಹಿಂದಕ್ಕೆ ಹೋಗಿ ಕೂರುತ್ತದೆ. ಎಷ್ಟೋ ಯಂತ್ರಗಳಲ್ಲಿ ಅದು ಜನವರಿ 1! ಇಂಟರ್ನೆಟ್ ಇದ್ದರೆ ಸ್ವಲ್ಪ ಹೊತ್ತಿಗೆ ಸರಿಹೋಗಬಹುದು. ಅಷ್ಟರೊಳಗೆ ಯಾರಾದರೂ ಫೈಲು ತೆರೆದರೆ ಮ್ಯಾಕ್ರೋ 'ಓಹೋ, ಒಂದನೇ ತಾರೀಖು' ಅಂತ ಎದ್ದೇಳುತ್ತದೆ. ನಾವು ಎಲ್ಲೇ ಹೋದರೂ ಲೆಕ್ಕಕ್ಕಿಂತ ಮೊದಲು ಮೂಲೆಯ ಗಡಿಯಾರ ನೋಡುವುದು ಅದಕ್ಕೇ.

ಮ್ಯಾಕ್ರೋ ಎದ್ದೇಳಲು ಇರುವ ನೆಪಗಳು ಯಾವುವು ಅಂತ ಗುಮಾಸ್ತರು, ಕಾರ್ಯದರ್ಶಿಗಳು ತಿಳಿದಿರಬೇಕು. ಮೊದಲನೆಯದು ಈಗ ಹೇಳಿದ್ದು, ಫೈಲು ತೆರೆಯುವುದು. ಇದು ಹೊಸದೇನಲ್ಲ. 1983ರಲ್ಲಿ ಬಂದ ಲೋಟಸ್ 1-2-3ರಲ್ಲೇ ಓರೆಗೆರೆ ಹಾಕಿ ಸೊನ್ನೆ ಬರೆದು ಹೆಸರಿಟ್ಟ ಮ್ಯಾಕ್ರೋ ಫೈಲು ತೆರೆದ ಕೂಡಲೇ ಓಡುತ್ತಿತ್ತು. ಹಳೆಯ ಟೈಪ್‌ರೈಟಿಂಗ್ ಇನ್‌ಸ್ಟಿಟ್ಯೂಟುಗಳು ಕಂಪ್ಯೂಟರ್ ಕ್ಲಾಸುಗಳಾದ ಕಾಲದಲ್ಲಿ ಲೋಟಸ್ ಕಲಿತವರು ಈ ಸಭೆಯಲ್ಲೂ ಇರಬಹುದು. ಆಮೇಲೆ ಎಕ್ಸೆಲ್‌ನಲ್ಲಿ 'ಆಟೋ ಓಪನ್' ಬಂತು. 1993ರ ಎಕ್ಸೆಲ್ 5ರಿಂದ ಮ್ಯಾಕ್ರೋ ಬರೆಯಲು ವಿಷುಯಲ್ ಬೇಸಿಕ್ ಭಾಷೆ ಸೇರಿತು. ಈಗ 'ವರ್ಕ್‌ಬುಕ್ ಓಪನ್' ಅನ್ನುತ್ತಾರೆ. ಹಾಗೆಯೇ ಫೈಲು ಮುಚ್ಚುವಾಗ, ಸೇವ್ ಮಾಡುವಾಗ, ಪ್ರಿಂಟ್ ತೆಗೆಯುವಾಗ ಓಡುವಂತೆಯೂ ಬರೆಯಬಹುದು.

ಎರಡನೇ ನೆಪ, ಒಂದು ಚೌಕದಲ್ಲಿ ಅಂಕಿ ಬದಲಾದದ್ದು. ಇದು ಬಲು ಸೂಕ್ಷ್ಮ. ಗುಮಾಸ್ತ ಕಂತಿನ ಹಣ ಬರೆದ ತಕ್ಷಣ ಬಾಕಿ ಇಳಿಸಿ ತಾರೀಖು ಹಾಕುವಂತೆ ಮ್ಯಾಕ್ರೋ ಬರೆದಿರುತ್ತಾರೆ. ಆದರೆ ಮ್ಯಾಕ್ರೋ ತಾನೇ ಬಾಕಿಯ ಚೌಕದಲ್ಲಿ ಬರೆಯಿತಲ್ಲ, ಅದೂ ಒಂದು ಬದಲಾವಣೆಯೇ. ತಾನು ಬರೆದದ್ದಕ್ಕೆ ತಾನೇ ಎಚ್ಚೆತ್ತು ಮತ್ತೆ ಬರೆಯುತ್ತದೆ, ಮತ್ತೆ ಎಚ್ಚೆತ್ತುಕೊಳ್ಳುತ್ತದೆ. ತನ್ನ ಬಾಲ ತಾನೇ ಅಟ್ಟಿಸಿಕೊಂಡು ಹೋಗುವ ನಾಯಿಯಂತೆ ಸುತ್ತಿ ಸುತ್ತಿ ಕೊನೆಗೆ ಎಕ್ಸೆಲ್ ಕುಸಿದು ಬೀಳುತ್ತದೆ. ಇದಕ್ಕೆ ಮದ್ದಿದೆ. ಬರೆಯುವ ಮುಂಚೆ 'ಎನೇಬಲ್ ಇವೆಂಟ್ಸ್' ಅನ್ನೋದನ್ನು ಮುಚ್ಚಬೇಕು, ಬರೆದ ಮೇಲೆ ತೆರೆಯಬೇಕು. ಬಾಗಿಲು ಹಾಕಿಕೊಂಡು ಹಣ ಎಣಿಸಿ ಆಮೇಲೆ ಬಾಗಿಲು ತೆಗೆದಂತೆ. ಆದರೆ ನಡುವೆ ಎಲ್ಲೋ ತಪ್ಪು ಸಿಕ್ಕಿ ಮ್ಯಾಕ್ರೋ ಅರ್ಧಕ್ಕೆ ನಿಂತರೆ ಬಾಗಿಲು ಹಾಕಿದ್ದು ಹಾಕಿದಂತೆಯೇ ಉಳಿಯುತ್ತದೆ. ಅದು ಆ ಒಂದು ಫೈಲಿಗಲ್ಲ, ಆಗ ತೆರೆದಿರುವ ಎಕ್ಸೆಲ್‌ಗೇ ಹಾಕಿದ ಬಾಗಿಲು. ಅಲ್ಲಿಂದಾಚೆ ಕಂತು ಬರೆದರೂ ಬಾಕಿ ಇಳಿಯುವುದಿಲ್ಲ, ಯಾವ ಗಂಟೆಯೂ ಬಾರಿಸುವುದಿಲ್ಲ, ಗುಮಾಸ್ತ ಬರೆಯುತ್ತಲೇ ಇರುತ್ತಾನೆ. ಮ್ಯಾಕ್ರೋ ಬರೆದುಕೊಡುವವರಿಗೆ ನಾವು ಮೊದಲು ಕೇಳುವ ಪ್ರಶ್ನೆ ಇದು: ಕೆಲಸ ಕೆಟ್ಟರೂ ಬಾಗಿಲು ತೆಗೆದು ಹೋಗುವ ಏರ್ಪಾಟು ಇದೆಯೇ? 'ಅದೆಲ್ಲಾ ಆಗಲ್ಲ ಸಾರ್' ಅಂದರೆ ಆ ಫೈಲನ್ನು ನಾವು ಒಪ್ಪುವುದಿಲ್ಲ.

ಮೂರನೇ ನೆಪ ಗಡಿಯಾರ. ಸಂಜೆ ಐದಕ್ಕೆ ದಿನದ ಲೆಕ್ಕ ಮುಚ್ಚು ಅಂತ 'ಆನ್ ಟೈಮ್' ಆಜ್ಞೆ ಬರೆಯಬಹುದು. ಐದಕ್ಕೆ ಮುಂಚೆಯೇ ಫೈಲು ಮುಚ್ಚಿದ್ದರೂ, ಬೇರೆ ಯಾವುದೋ ಕೆಲಸಕ್ಕೆ ಎಕ್ಸೆಲ್ ತೆರೆದಿದ್ದರೆ ಸಾಕು, ಆ ಹೊತ್ತಿಗೆ ಅದು ಮುಚ್ಚಿದ ಫೈಲನ್ನು ತಾನೇ ತೆರೆದು ಓಡುತ್ತದೆ. ದೆವ್ವದ ಕತೆಯ ಹಾಗೆ ಕಾಣುತ್ತದೆ, ಆದರೆ ನಿಜ. ಮುಚ್ಚುವ ಮುಂಚೆ ಆ ಆಜ್ಞೆಯನ್ನು ರದ್ದು ಮಾಡಿ ಮುಚ್ಚಬೇಕು.

ಗೂಗಲ್ ಶೀಟ್‌ನಲ್ಲಿ ಲೆಕ್ಕ ಇಡುವ ಸಂಘಗಳೂ ಈಗ ಉಂಟು. ಅಲ್ಲಿ ಗಡಿಯಾರದ ಮ್ಯಾಕ್ರೋಗೆ 'ಟ್ರಿಗರ್' ಅಂತ ಹೆಸರು. ನಮ್ಮ ಕಂಪ್ಯೂಟರ್ ಆಫ್ ಆಗಿದ್ದರೂ ಅದು ಗೂಗಲ್‌ನವರ ಯಂತ್ರದಲ್ಲಿ ಓಡುತ್ತದೆ. ಟ್ರಿಗರ್ ಇಟ್ಟವರು ಯಾರೋ ಅವರ ಖಾತೆಯ ಹೆಸರಿನಲ್ಲೇ ಓಡುತ್ತದೆ, ಮತ್ತು ಒಬ್ಬರು ಇಟ್ಟದ್ದು ಇನ್ನೊಬ್ಬರ ಪಟ್ಟಿಯಲ್ಲಿ ಕಾಣುವುದಿಲ್ಲ. ಕೆಲಸ ಬಿಟ್ಟು ಹೋದ ಹುಡುಗನ ಹೆಸರಿನಲ್ಲಿ ಸಂಘದ ಲೆಕ್ಕ ರಾತ್ರಿ ಹೊತ್ತು ಬದಲಾಗುತ್ತಿದೆ ಅಂದರೆ ಮಹಾಸಭೆಯಲ್ಲಿ ಏನು ಉತ್ತರ ಕೊಡುತ್ತೀರಿ? ಅವನ ಹಕ್ಕು ತೆಗೆದರೆ ಟ್ರಿಗರ್ ನಿಂತುಹೋಗುತ್ತದೆ. ನಿಂತಿತು ಅಂತಲೂ ನಿಮಗೆ ಯಾರೂ ಹೇಳುವುದಿಲ್ಲ. ನೌಕರರು ಬಿಟ್ಟು ಹೋಗುವ ದಿನ ಬೀಗದ ಕೈ ಎಣಿಸಿ ತೆಗೆದುಕೊಳ್ಳುತ್ತೀರಲ್ಲ, ಅದರ ಜೊತೆಗೆ ಈ ಟ್ರಿಗರ್ ಪಟ್ಟಿಯನ್ನೂ ಅವರ ಕೈಲೇ ತೆಗೆಸಿ ತೋರಿಸಿಕೊಳ್ಳಿ.

ಹಾಗಾದರೆ ಏನು ಮಾಡಬೇಕು? ನಮ್ಮ ಅಭಿಪ್ರಾಯ ಸರಳ. ನೋಡಲು, ತೋರಿಸಲು ಇರುವ ಮ್ಯಾಕ್ರೋ ತಾನಾಗಿ ಓಡಲಿ. ಫೈಲು ತೆರೆದಾಗ ಈ ವಾರ ಕಂತು ಕಟ್ಟಬೇಕಾದವರ ಪಟ್ಟಿ ಮುಂದೆ ಬರಲಿ, ಅವಧಿ ಮುಗಿದ ಠೇವಣಿಗೆ ಬಣ್ಣ ಬರಲಿ. ಹತ್ತು ಸಲ ಓಡಿದರೂ ಯಾರ ದುಡ್ಡೂ ಹೆಚ್ಚುಕಡಿಮೆ ಆಗುವುದಿಲ್ಲ. ಆದರೆ ಖಾತೆಯಲ್ಲಿ ಹಣ ಬದಲಿಸುವ ಮ್ಯಾಕ್ರೋ, ಅಂದರೆ ಬಡ್ಡಿ ಹಾಕುವುದು, ಲಾಭಾಂಶ ಹಂಚುವುದು, ದಂಡ ಬಡ್ಡಿ ಸೇರಿಸುವುದು, ಮಾರ್ಚ್ 31ರ ಬಾಕಿಯನ್ನು ಏಪ್ರಿಲ್ 1ಕ್ಕೆ ಮುಂದಕ್ಕೆ ತರುವುದು, ಇವು ಮಾತ್ರ ಬಟನ್ ಒತ್ತದೆ ಓಡಬಾರದು. ಹಾಳೆಯ ಮೇಲೆ ಒಂದು ಗುಂಡಿ, ಗುಂಡಿಯ ಮೇಲೆ ಕನ್ನಡದಲ್ಲಿ 'ಈ ತಿಂಗಳ ಬಡ್ಡಿ ಹಾಕು'. ಒತ್ತಿದ ಮೇಲೂ ಕೂಡಲೇ ಓಡದೆ, 'ಇಷ್ಟು ಖಾತೆ, ಒಟ್ಟು ಬಡ್ಡಿ ಇಷ್ಟು, ಹಾಕಬಹುದೇ?' ಅಂತ ಕೇಳಬೇಕು. ಹೋದ ತಿಂಗಳ ಒಟ್ಟು ಮೊತ್ತವೂ ಪಕ್ಕದಲ್ಲಿ ಕಾಣಬೇಕು. ಮೂರು ಪಟ್ಟು ಹೆಚ್ಚಾಗಿದ್ದರೆ ಕುರುಡನಿಗೂ ತಿಳಿಯುತ್ತದೆ.

ಗುಂಡಿ ಇಟ್ಟ ಮಾತ್ರಕ್ಕೆ ಮುಗಿಯಲಿಲ್ಲ. ಗುಂಡಿಯನ್ನೂ ಎರಡು ಸಲ ಒತ್ತಬಹುದಲ್ಲ! ಅದಕ್ಕೇ ಫೈಲಿನಲ್ಲಿ ಒಂದು ಹಾಳೆಯನ್ನು ರಿಜಿಸ್ಟರ್ ಮಾಡಿ. ಬಡ್ಡಿ ಹಾಕಿದ ಕೂಡಲೇ ಯಾವ ತಿಂಗಳದ್ದು, ಯಾವ ದಿನ, ಎಷ್ಟು ಗಂಟೆಗೆ, ಯಾರ ಲಾಗಿನ್‌ನಿಂದ, ಒಟ್ಟು ಎಷ್ಟು ಅಂತ ಮ್ಯಾಕ್ರೋ ಅಲ್ಲಿ ಒಂದು ಸಾಲು ಬರೆಯಬೇಕು. ಮುಂದಿನ ಸಲ ಓಡುವ ಮುಂಚೆ ಮೊದಲು ಆ ರಿಜಿಸ್ಟರ್ ನೋಡಬೇಕು. ಆ ತಿಂಗಳ ಸಾಲು ಇದ್ದರೆ 'ಆಗಲೇ ಹಾಕಿದೆ' ಅಂತ ಹೇಳಿ ನಿಲ್ಲಬೇಕು. ಇಷ್ಟು ಮಾಡಿದ್ದರೆ ಆ ಹೂವಿನ ಅಮ್ಮನಿಗೆ ಬೆಳಿಗ್ಗೆಯ ಬಡ್ಡಿಯೊಂದೇ ಹತ್ತುತ್ತಿತ್ತು. ಬರೆಯುವ ಮುಂಚೆ ಫೈಲಿನ ಒಂದು ಪ್ರತಿಯನ್ನು ತಾರೀಖು ಹಾಕಿ ಬೇರೆ ಕಡೆ ಇಡುವುದನ್ನೂ ಮ್ಯಾಕ್ರೋಗೇ ಹೇಳಬಹುದು. ಅನ್‌ಡೂ ಇಲ್ಲದ ಮನೆಗೆ ಆ ಪ್ರತಿಯೇ ಹಿತ್ತಲ ಬಾಗಿಲು. ಆಡಿಟರಿಗೆ, ನಿರ್ದೇಶಕರಿಗೆ ನೋಡಲು ಕೊಡುವುದಾದರೆ ಮ್ಯಾಕ್ರೋ ಇಲ್ಲದ ಎಕ್ಸ್‌ಎಲ್‌ಎಸ್‌ಎಕ್ಸ್ ಪ್ರತಿ ಮಾಡಿ ಕೊಡಿ. 2007ರ ಎಕ್ಸೆಲ್‌ನಿಂದ ಈಚೆಗೆ ಮ್ಯಾಕ್ರೋ ಇರುವ ಫೈಲಿನ ಬಾಲದಲ್ಲಿ ಸಾಮಾನ್ಯವಾಗಿ 'ಎಂ' ಇರುತ್ತದೆ, ಎಕ್ಸ್‌ಎಲ್‌ಎಸ್‌ಎಂ ಅಂತ, ಇಲ್ಲದ್ದಕ್ಕೆ 'ಎಕ್ಸ್'. ಹಳೆಯ ಎಕ್ಸ್‌ಎಲ್‌ಎಸ್ ಫೈಲಾದರೆ ಬಾಲ ನೋಡಿ ಹೇಳಲಾಗದು. ಒಳಗೆ ಮ್ಯಾಕ್ರೋ ಇದ್ದರೂ ಇರಬಹುದು.

ಅನುಮಾನದ ಫೈಲನ್ನು ಮ್ಯಾಕ್ರೋ ಓಡಿಸದೆ ತೆರೆಯಬೇಕಾದರೆ ಒಂದು ಉಪಾಯ: ಎಕ್ಸೆಲ್ ಒಳಗೆ ಹೋಗಿ, ಫೈಲ್ ಮೆನುವಿನಿಂದ ತೆರೆಯುವಾಗ ಶಿಫ್ಟ್ ಕೀಲಿಯನ್ನು ಒತ್ತಿ ಹಿಡಿದಿರಿ. ತೆರೆದಾಗ ಓಡಬೇಕಾದದ್ದು ಓಡದೆ ಸುಮ್ಮನಿರುತ್ತದೆ. ಇದು ನಿಮ್ಮ ಫೈಲಿಗೆ ಸರಿ. ಹೊರಗಿನಿಂದ ಬಂದದ್ದನ್ನು ಇದೊಂದನ್ನೇ ನಂಬಿ ತೆರೆಯಬೇಡಿ.

ಹೊರಗಿನಿಂದ ಬಂದದ್ದು ಅಂದಾಗ ವೈರಸ್ ಮಾತು ಬರುತ್ತದೆ. 1996ರ ಜುಲೈನಲ್ಲಿ ಲಾರೂ ಅಂತ ಒಂದು ಎಕ್ಸೆಲ್ ವೈರಸ್ ಕಾಣಿಸಿಕೊಂಡಿತು. ಫೈಲು ತೆರೆದ ಕೂಡಲೇ ಓಡುವ ಸೌಕರ್ಯ ಇತ್ತಲ್ಲ, ಅದನ್ನೇ ಹಿಡಿದುಕೊಂಡು ಆ ಕಂಪ್ಯೂಟರಿನಲ್ಲಿ ತೆರೆದ ಪ್ರತಿ ಫೈಲಿಗೂ ಅಂಟಿಕೊಳ್ಳುತ್ತಿತ್ತು. 1999ರ ಮಾರ್ಚ್‌ನಲ್ಲಿ ವರ್ಡ್ ಫೈಲಿನೊಳಗಿನ ಮೆಲಿಸ್ಸಾ ಇಮೇಲ್ ಹಿಡಿದು ಜಗತ್ತೆಲ್ಲ ಓಡಾಡಿತು. ಇಷ್ಟಾದರೂ ಇಂಟರ್ನೆಟ್‌ನಿಂದ ಇಳಿಸಿದ ಫೈಲಿನ ಮ್ಯಾಕ್ರೋ ಓಡದಂತೆ ಮೈಕ್ರೋಸಾಫ್ಟ್ ತಾನಾಗಿ ತಡೆಹಾಕಿದ್ದು 2022ರಲ್ಲಿ. ಇಪ್ಪತ್ತು ವರ್ಷಕ್ಕೂ ಮೇಲೆ ಹಿಡಿಯಿತು! ಈಗ ಅಂಥ ಫೈಲು ತೆರೆದರೆ ಕೆಂಪು ಪಟ್ಟಿ ಬಂದು ಮ್ಯಾಕ್ರೋ ನಿಲ್ಲುತ್ತದೆ. ಬೇರೆ ಕಡೆಯಿಂದ ಬಂದದ್ದಾದರೆ ಹಳದಿ ಪಟ್ಟಿ, ಅದರಲ್ಲಿ 'ಎನೇಬಲ್ ಕಂಟೆಂಟ್' ಅಂತ ಗುಂಡಿ. ಹಳದಿ ಪಟ್ಟಿ ಕಂಡ ಕೂಡಲೇ ಒತ್ತುವ ಚಾಳಿ ಎಲ್ಲ ಕಚೇರಿಯಲ್ಲೂ ಇದೆ, ಕಾಲಿಂಗ್ ಬೆಲ್ ಆದ ಕೂಡಲೇ ಯಾರು ಅಂತ ಕೇಳದೆ ಬಾಗಿಲು ತೆಗೆದ ಹಾಗೆ. ಒಮ್ಮೆ ಒತ್ತಿದರೆ ಆ ಕಂಪ್ಯೂಟರ್ ಆ ಫೈಲನ್ನು ನಂಬಿದ ಪಟ್ಟಿಗೆ ಸೇರಿಸಿ ಮುಂದಿನ ಸಲ ಕೇಳುವುದೂ ಇಲ್ಲ. ಪೆನ್‌ಡ್ರೈವ್‌ನಲ್ಲಿ ತಂದ ಫೈಲಿನ ಮೇಲೆ ಇಂಟರ್ನೆಟ್‌ನಿಂದ ಬಂದದ್ದೆಂಬ ಗುರುತು ಸಾಮಾನ್ಯವಾಗಿ ಉಳಿಯುವುದಿಲ್ಲ. ಆದ್ದರಿಂದ ಕೆಂಪು ಪಟ್ಟಿ ಬರಲಿಲ್ಲ ಅಂತ ಧೈರ್ಯ ತಂದುಕೊಳ್ಳಬೇಡಿ.

ಸೆಟ್ಟಿಂಗ್ ಎಲ್ಲಿದೆ ಅಂತ ಗುಮಾಸ್ತರು ಬರೆದುಕೊಳ್ಳಿ. ಫೈಲ್, ಆಪ್ಷನ್ಸ್, ಟ್ರಸ್ಟ್ ಸೆಂಟರ್, ಅದರೊಳಗೆ ಮ್ಯಾಕ್ರೋ ಸೆಟ್ಟಿಂಗ್ಸ್. ನಾಲ್ಕು ಆಯ್ಕೆ ಇರುತ್ತವೆ. ಎಲ್ಲವನ್ನೂ ಓಡಲು ಬಿಡುವ ಆಯ್ಕೆಯನ್ನು ಯಾವ ಕಾರಣಕ್ಕೂ ಹಾಕಬೇಡಿ. 'ತಡೆ, ಆದರೆ ತಿಳಿಸು' ಎಂಬರ್ಥದ್ದು ಸಂಘಕ್ಕೆ ಸಾಕು. ಅಲ್ಲೇ 'ಟ್ರಸ್ಟೆಡ್ ಲೊಕೇಷನ್ಸ್' ಅಂತಲೂ ಇದೆ. ಅಲ್ಲಿ ಹೆಸರಿಸಿದ ಫೋಲ್ಡರಿನಲ್ಲಿಟ್ಟ ಫೈಲು ಏನನ್ನೂ ಕೇಳದೆ ಓಡುತ್ತದೆ. ಲೆಕ್ಕದ ಫೈಲಿಗೆ ಅಂತ ಒಂದೇ ಫೋಲ್ಡರ್ ಇಟ್ಟುಕೊಂಡರೆ ಅನುಕೂಲ. ಡೌನ್‌ಲೋಡ್ ಆಗುವ ಫೋಲ್ಡರನ್ನೇ ಅಲ್ಲಿ ಸೇರಿಸಿದವರನ್ನು ನಾವು ನೋಡಿದ್ದೇವೆ. ಅದು ಖಜಾನೆಯ ಬೀಗದ ಕೈಯನ್ನು ಬಾಗಿಲಿಗೇ ತಗುಲಿಹಾಕಿದಂತೆ. ಲಿಬ್ರೆ ಆಫೀಸ್ ಬಳಸುವವರಿಗೆ ಟೂಲ್ಸ್, ಆಪ್ಷನ್ಸ್, ಸೆಕ್ಯುರಿಟಿಯಲ್ಲಿ ಇದೇ ತರಹದ ಏರ್ಪಾಟಿದೆ.

ಕನ್ನಡದ್ದೇ ಒಂದು ಉದಾಹರಣೆ ಹೇಳಬೇಕು. ಹಳೆಯ ಸದಸ್ಯರ ಪಟ್ಟಿಗಳು ಬಹಳ ಕಡೆ ನುಡಿ ತಂತ್ರಾಂಶದ ಹಳೆ ಅಕ್ಷರ ಸಂಕೇತದಲ್ಲಿವೆ. ಕನ್ನಡ ಗಣಕ ಪರಿಷತ್ತಿನವರು ರೂಪಿಸಿದ ನುಡಿಯಿಂದ ಎಷ್ಟೋ ಕಚೇರಿಗಳಲ್ಲಿ ಕನ್ನಡ ಉಳಿಯಿತು, ಆ ಉಪಕಾರ ಮರೆಯಬಾರದು. ಈಗ ಅವನ್ನು ಯೂನಿಕೋಡ್‌ಗೆ ತರಲು ಪರಿವರ್ತನೆಯ ಮ್ಯಾಕ್ರೋ ಬಳಸುತ್ತಾರೆ. ಹಳೆ ಸಂಕೇತದಲ್ಲಿ ಕನ್ನಡ ಅಕ್ಷರ ಕಂಪ್ಯೂಟರಿನ ಒಳಗೆ ಇಂಗ್ಲಿಷ್ ಅಕ್ಷರದ ಜಾಗದಲ್ಲೇ ಕೂತಿರುತ್ತದೆ. ಆದ್ದರಿಂದ ಆ ಮ್ಯಾಕ್ರೋ ಇಡೀ ಹಾಳೆಯ ಮೇಲೆ ತಾನಾಗಿ ಓಡಿದರೆ ಇಂಗ್ಲಿಷಿನಲ್ಲಿ ಬರೆದ ಹೆಸರು, ಇನಿಷಿಯಲ್‌ಗಳನ್ನೂ ಕನ್ನಡ ಅಂತ ತಿಳಿದು ಅರ್ಥವಿಲ್ಲದ ಅಕ್ಷರ ಮಾಡಿಡುತ್ತದೆ. ಮತದಾರರ ಪಟ್ಟಿಯಲ್ಲಿ ಸದಸ್ಯರ ಹೆಸರೇ ಕಾಣೆ! ಕನ್ನಡ ಇರುವ ಕಲಮನ್ನು ಕೈಯಲ್ಲಿ ಆರಿಸಿ, ಆರಿಸಿದಷ್ಟಕ್ಕೆ ಮಾತ್ರ ಓಡಿಸಬೇಕು.

ಮ್ಯಾಕ್ರೋ ಅಲ್ಲದಿದ್ದರೂ ಎಕ್ಸೆಲ್‌ಗೆ ತಾನಾಗಿ ಕೈಯಾಡಿಸುವ ಬುದ್ಧಿ ಇದೆ. ಅಡಮಾನದ ಜಮೀನಿನ ಸರ್ವೆ ನಂಬರ್ 12/3 ಅಂತ ಬರೆದರೆ ಅದು ತಾರೀಖು ಅಂದುಕೊಂಡು ಮಾರ್ಚ್ 12 ಮಾಡಿಬಿಡುತ್ತದೆ. ಆ ಕಲಮನ್ನು ಮೊದಲೇ 'ಟೆಕ್ಸ್ಟ್' ಅಂತ ಗುರುತು ಮಾಡಿ ಆಮೇಲೆ ಬರೆಯಿರಿ. ಇದರ ಕಾಟ ತಡೆಯಲಾರದೆ 2020ರ ಹೊತ್ತಿಗೆ ವಿಜ್ಞಾನಿಗಳೇ ತಾರೀಖಿನಂತೆ ಕಾಣುತ್ತಿದ್ದ ಕೆಲವು ಮಾನವ ಜೀನ್‌ಗಳ ಹೆಸರು ಬದಲಾಯಿಸಿಕೊಂಡರು. ನಮ್ಮ ಸರ್ವೆ ನಂಬರನ್ನು ಹಾಗೆ ಬದಲಾಯಿಸಲು ಆಗುವುದಿಲ್ಲವಲ್ಲ.

ಸರ್ಕಾರದ ಸಾಫ್ಟ್‌ವೇರ್ ಬರುತ್ತಿರುವಾಗ ಎಕ್ಸೆಲ್ ಮಾತು ಯಾಕೆ ಅಂತ ಕೆಲವರು ಕೇಳಬಹುದು. 2022ರ ಜೂನ್‌ನಲ್ಲಿ ಕೇಂದ್ರ ಸಚಿವ ಸಂಪುಟ 63,000 ಪ್ರಾಥಮಿಕ ಕೃಷಿ ಪತ್ತಿನ ಸಂಘಗಳ ಗಣಕೀಕರಣಕ್ಕೆ 2,516 ಕೋಟಿ ರೂಪಾಯಿಯ ಯೋಜನೆ ಒಪ್ಪಿದ್ದು ನಿಜ. ಒಳ್ಳೆಯ ಕೆಲಸ. ಆದರೆ ಸಾಫ್ಟ್‌ವೇರ್ ಬಂದ ಕಡೆಯೂ ಜಾಮೀನುದಾರರ ಪಟ್ಟಿ, ಲಾಭಾಂಶದ ಹಂಚಿಕೆ, ಮಹಾಸಭೆಯ ನೋಟಿಸು ಎಲ್ಲಾ ಪಕ್ಕದ ಎಕ್ಸೆಲ್ ಹಾಳೆಯಲ್ಲೇ ನಡೆಯುವುದನ್ನು ನಾವು ನೋಡುತ್ತಿದ್ದೇವೆ. ಕಂಪನಿಗಳಿಗೆ 2023ರ ಏಪ್ರಿಲ್ 1ರಿಂದ ಒಂದು ನಿಯಮ ಬಂದಿದೆ. ಲೆಕ್ಕದ ಸಾಫ್ಟ್‌ವೇರಿನಲ್ಲಿ ಯಾವ ಬದಲಾವಣೆ ಯಾವಾಗ ಆಯಿತು ಅನ್ನುವ ಜಾಡು ಉಳಿಯಲೇಬೇಕು, ಅದನ್ನು ಆರಿಸಲು ಬರಬಾರದು ಅಂತ. ಅದು ಕಂಪನಿ ಕಾಯ್ದೆಯ ಮಾತು, ನಮ್ಮ 1959ರ ಸಹಕಾರ ಸಂಘಗಳ ಕಾಯ್ದೆಯದ್ದಲ್ಲ. ಆದರೂ ನಾವು ಆಗಲೇ ಹೇಳಿದ ಆ ರಿಜಿಸ್ಟರ್ ಹಾಳೆ ಅದೇ ಕೆಲಸವನ್ನು ಬಡವರ ಮಟ್ಟಿಗೆ ಮಾಡುತ್ತದೆ. ಪ್ರತಿ ತಿಂಗಳು ಅದರ ಪ್ರಿಂಟ್ ತೆಗೆದು ಕಾರ್ಯದರ್ಶಿಗಳು ರುಜು ಹಾಕಿ ಕಿರ್ದಿಯ ಜೊತೆ ಇಟ್ಟರೆ ಆಡಿಟರಿಗೂ ಸುಲಭ.

ಇನ್ನೊಂದು ಮಾತು ನೇರವಾಗಿ ಆಡಳಿತ ಮಂಡಳಿಗೆ. ಬಡ್ಡಿ ದರವನ್ನು ಮಂಡಳಿಯ ಸಭೆಯಲ್ಲಿ ಚರ್ಚೆ ಮಾಡಿ ನಿರ್ಣಯ ಬರೆದು ತೀರ್ಮಾನಿಸುತ್ತೀರಿ. ಅದನ್ನು ಖಾತೆಗೆ ಹಾಕುವ ಗಳಿಗೆಯನ್ನು ಮಾತ್ರ ಯಾರೋ ಬರೆದ ಮ್ಯಾಕ್ರೋಗೆ ಬಿಟ್ಟುಬಿಟ್ಟಿರುತ್ತೀರಿ. ಹಣ ಬದಲಿಸುವ ಗುಂಡಿ ಎಷ್ಟಿವೆ, ಒಂದೊಂದನ್ನೂ ಯಾರು ಒತ್ತಬಹುದು, ಅವರು ರಜೆಯಲ್ಲಿದ್ದರೆ ಯಾರು, ಮ್ಯಾಕ್ರೋವಿನ ಬರಹ ಬದಲಿಸಬೇಕಾದರೆ ಯಾರ ಒಪ್ಪಿಗೆ ಬೇಕು, ಇಷ್ಟನ್ನು ಅರ್ಧ ಪುಟದ ನಿರ್ಣಯದಲ್ಲಿ ಬರೆಯಬಹುದು. ಮ್ಯಾಕ್ರೋಗೆ ಪಾಸ್‌ವರ್ಡ್ ಹಾಕಿ ಅದನ್ನು ಬರೆದವರೇ ಇಟ್ಟುಕೊಂಡು ಹೋಗುವುದಕ್ಕೆ ಒಪ್ಪಬೇಡಿ. ಮುಚ್ಚಿದ ಲಕೋಟೆಯಲ್ಲಿ ಸಂಘದ ಬೀರುವಿನಲ್ಲಿ ಇರಲಿ.

ನಿಮ್ಮ ಸಂಘದ ಸಾಲದ ಫೈಲನ್ನು ಕಾರ್ಯದರ್ಶಿಗಳು ನಮಗೆ ನಿನ್ನೆ ತೋರಿಸಿದರು. ತೆರೆದಾಗ ಓಡುವ ಮ್ಯಾಕ್ರೋ ಅದರಲ್ಲಿ ಎರಡಿವೆ. ಒಂದು ಸುಸ್ತಿದಾರರ ಪಟ್ಟಿ ತೋರಿಸುತ್ತದೆ, ಅದು ಹಾಗೇ ಇರಲಿ. ಇನ್ನೊಂದು ದಂಡ ಬಡ್ಡಿ ಸೇರಿಸುತ್ತದೆ. ಅದನ್ನು ಬಿಚ್ಚಿ ಗುಂಡಿಗೆ ಕಟ್ಟುವ ಕೆಲಸ ಇವತ್ತು ಊಟವಾದ ಮೇಲೆ ಕಚೇರಿಯಲ್ಲೇ ಮಾಡುತ್ತೇವೆ, ಅಧ್ಯಕ್ಷರು ಒಪ್ಪಿದ್ದಾರೆ. ನೋಡಬೇಕೆನ್ನುವ ಸದಸ್ಯರು ಬನ್ನಿ. ಪಾಸ್‌ಬುಕ್ಕು ಜೊತೆಯಲ್ಲಿ ತನ್ನಿ, ಫೈಲಿನ ಬಾಕಿಗೂ ಅದಕ್ಕೂ ತಾಳೆ ನೋಡೋಣ.